ಆಜೀವ ಸದಸ್ಯರ ಹಣ ಯಾರದು?

ಕಂಪನಿಯ ಷೇರುದಾರನಿಗೆ ಲಾಭಾಂಶವುಂಟು. ಅಂಗಡಿಯ ಪಾಲುದಾರನಿಗೆ ವರ್ಷಾಂತ್ಯದಲ್ಲಿ ತನ್ನ ಭಾಗವುಂಟು. ಸಂಘದ ಸದಸ್ಯನಿಗೆ ಇವೆರಡೂ ಇಲ್ಲ. ಏಳು ಜನ ಕೂಡಿದರೆ ಸಂಘವನ್ನು ನೋಂದಾಯಿಸಬಹುದು. ಆದರೆ ಆ ಏಳು ಜನರೂ ಅದರ ಒಡೆಯರಲ್ಲ. ಸಂಘ ವಿಸರ್ಜನೆಯಾದಾಗ ಸಾಲ ತೀರಿ ಉಳಿದ ಸ್ವತ್ತನ್ನು ಸದಸ್ಯರು ಹಂಚಿಕೊಳ್ಳಬಾರದೆಂದು 1860ರ ಸಂಘಗಳ ನೋಂದಣಿ ಕಾಯಿದೆಯೇ ವಿಧಿಸಿದೆ. ಒಡೆಯನಿಲ್ಲದ ಸ್ವತ್ತು ಬೀಗದ ಕೈ ಇಟ್ಟುಕೊಂಡವನ ಸ್ವತ್ತಾಗಲು ಹೆಚ್ಚು ಕಾಲ ಬೇಕಾಗುವುದಿಲ್ಲ.

ಆಜೀವ ಸದಸ್ಯತ್ವದ ಹಣವನ್ನೇ ನೋಡೋಣ. ಒಬ್ಬನು 1000 ರೂಪಾಯಿ ಕೊಟ್ಟು ಆಜೀವ ಸದಸ್ಯನಾದನೆನ್ನಿ. ಠೇವಣಿಯಿಟ್ಟರೆ ಶೇಕಡಾ 7ರಂತೆ ವರ್ಷಕ್ಕೆ 70 ರೂಪಾಯಿ ಬರುತ್ತದೆ. ಅವನಿಗೆ ಕಳುಹಿಸುವ ಪತ್ರ, ವರದಿಗಳ ವೆಚ್ಚ ಅದರಲ್ಲಿ ಸಾಗಬೇಕು. ಆದರೆ ಆ ವರ್ಷದ ಸಮಿತಿಯು ಇಡೀ ಸಾವಿರವನ್ನು ಆದಾಯವೆಂದು ಬರೆದು, ಸಮಾರಂಭವೊಂದಕ್ಕೆ ಖರ್ಚು ಮಾಡಿ, ಉಳಿತಾಯದ ಲೆಕ್ಕ ತೋರಿಸಿ ಚಪ್ಪಾಳೆ ಪಡೆಯುತ್ತದೆ. ಮುಂದಿನ ನಲವತ್ತು ವರ್ಷ ಅವನನ್ನು ಪೊರೆಯುವವರು ಯಾರು? ಹೊಸದಾಗಿ ಸೇರುವವರು, ಅವರು ಒಪ್ಪಿ ಕೊಟ್ಟದ್ದು ಅದಕ್ಕಲ್ಲ. ಕೊಡದಿದ್ದುದನ್ನು ಪಡೆಯುವುದಕ್ಕೆ ನಮ್ಮ ಶಾಸ್ತ್ರಗಳು ಅದತ್ತಾದಾನವೆಂದು ಹೆಸರಿಟ್ಟಿವೆ. ಜೇಬಿಗೆ ಒಂದು ಕಾಸೂ ಸೇರಲಿಲ್ಲವೆಂಬುದು ಇಲ್ಲಿ ಸಮಾಧಾನವಾಗದು.

ಇದಕ್ಕೆ ಸರ್ವಸದಸ್ಯರ ಸಭೆ ಒಪ್ಪಿಗೆ ಕೊಟ್ಟಿತ್ತಲ್ಲವೇ ಎಂದು ಕೇಳುವವರುಂಟು. ಮಾಡುವುದು, ಮಾಡಿಸುವುದು, ಅನುಮೋದಿಸುವುದು ಈ ಮೂರರಿಂದಲೂ ಕರ್ಮಬಂಧವುಂಟೆಂದು ಬಲ್ಲ ನಾವು, ಕೈಯೆತ್ತಿದ ಸದಸ್ಯನನ್ನು ಸುಲಭವಾಗಿ ಬಿಡುವಂತಿಲ್ಲ. ಆದರೆ ತಿಳಿಯದೆ ಮಾಡಿದ ಅನುಮೋದನೆ ಅನುಮೋದನೆಯೇ? ಲೆಕ್ಕಪತ್ರವನ್ನು ಸಭಾಂಗಣದ ಬಾಗಿಲಲ್ಲಿ ಹಂಚಿ, ಹತ್ತು ನಿಮಿಷದಲ್ಲಿ ಓದಿ ಮುಗಿಸಿ, ಒಳಗಿನಿಂದ ಊಟದ ಪರಿಮಳ ಬರುತ್ತಿರುವಾಗ ಒಪ್ಪಿಗೆ ಕೇಳಿದರೆ, ಆ ಕೈಗಳನ್ನು ಎಣಿಸಿ ಪ್ರಯೋಜನವಿಲ್ಲ. ಸಭೆಗೆ ಎರಡು ವಾರ ಮೊದಲೇ ಲೆಕ್ಕ ಮನೆಮನೆಗೆ ಮುಟ್ಟಿರಬೇಕು. ಆಮೇಲೂ ಸುಮ್ಮನಿದ್ದವನ ಮೌನಕ್ಕೆ ಅವನೇ ಹೊಣೆ. ಕೋರಂ ಇಲ್ಲವೆಂದು ಸಭೆಯನ್ನು ಅರ್ಧ ಗಂಟೆ ಮುಂದೂಡಿ, ಬಂದಷ್ಟು ಜನರಲ್ಲೇ ನಡೆಸುವ ನಿಯಮ ಅನೇಕ ಸಂಘಗಳಲ್ಲಿದೆ. ಅದು ಅನುಕೂಲಕ್ಕಾಗಿ ಮಾಡಿದ್ದು, ಪದ್ಧತಿಯಾಗಬಾರದು.

ಸಂಬಳವಿಲ್ಲದೆ ದುಡಿಯುವವರನ್ನು ಲೆಕ್ಕ ಕೇಳುವುದು ಅವಮಾನವೆಂದು ನಮ್ಮಲ್ಲಿ ಹಲವರ ಭಾವನೆ. ಒಡಹುಟ್ಟಿದವರೇ ನಡೆಸುವ ಅಂಗಡಿಯಲ್ಲೂ ರಾತ್ರಿ ಗಲ್ಲಾಪೆಟ್ಟಿಗೆ ಎಣಿಸಿಯೇ ಬಾಗಿಲು ಹಾಕುತ್ತಾರೆ, ಯಾರೂ ಮುನಿಸಿಕೊಳ್ಳುವುದಿಲ್ಲ. ಸೇವೆಗೆ ಪುಣ್ಯವುಂಟು, ಪ್ರಶ್ನೆಯಿಂದ ವಿನಾಯಿತಿಯಿಲ್ಲ.

ಒಂದು ಆಕ್ಷೇಪ ಮಾತ್ರ ನ್ಯಾಯವಾದದ್ದು. ಬೆಲೆಗಳು ಏರಿದಂತೆ ಹಳೆಯ ಚಂದಾದ ಬಡ್ಡಿ ಅಂಚೆವೆಚ್ಚಕ್ಕೂ ಸಾಲದೆ ಹೋಗುತ್ತದೆ. ಆಗ ಹೊಸಬರ ಚಂದಾ ಏರಿಸಬಹುದು, ಹಳಬರಲ್ಲಿ ಸ್ವಇಚ್ಛೆಯ ಕಾಣಿಕೆ ಕೇಳಬಹುದು. ಕೊಟ್ಟ ಮಾತಿದ್ದುದರಿಂದ ಅವರನ್ನು ಒತ್ತಾಯಿಸುವಂತಿಲ್ಲ. ಮೂಲಧನವನ್ನು ಮುಟ್ಟಲೇಬೇಕಾದ ಪ್ರಸಂಗ ಬಂದರೆ, ಎಷ್ಟು, ಏಕೆ, ಎಂದಿಗೆ ತುಂಬಿಕೊಡುವುದು ಎಂಬುದನ್ನು ಠರಾವಿನಲ್ಲಿ ಬರೆದು, ಮರುವರ್ಷದ ವರದಿಯ ಮೊದಲ ಪುಟದಲ್ಲಿಯೇ ಅದನ್ನು ಅಚ್ಚು ಮಾಡಿಸಬೇಕು.