ದೇಶಕಾಲ ವಿಚಾರ

‘ಇಲ್ಲಿ’, ‘ಅಲ್ಲಿ’, ‘ಈಗ’, ‘ಆಗ’ ಎಂಬ ಮಾತುಗಳಿಲ್ಲದೆ ಸಂಸಾರ ಸಾಗದು. ಆದರೆ ದೇಶವೆಂದರೇನು, ಕಾಲವೆಂದರೇನು ಎಂದು ಕೇಳಿದರೆ ಪಂಡಿತನೂ ತಡವರಿಸುವನು. ನಿತ್ಯವೂ ಬಳಸುವುದನ್ನು ವಿಚಾರಿಸದಿರುವುದು ಮಾನವನ ಸ್ವಭಾವ.

ಆಂಗ್ಲ ವಿಜ್ಞಾನಿ ನ್ಯೂಟನ್ನನು 1687ರಲ್ಲಿ ಪ್ರಕಟವಾದ ‘ಪ್ರಿನ್ಸಿಪಿಯಾ’ ಗ್ರಂಥದಲ್ಲಿ ಇದಕ್ಕೆ ಉತ್ತರವಿತ್ತನು. ದೇಶವು ಅಚಲವಾದ ಆಧಾರ. ವಸ್ತುಗಳಿರಲಿ, ಇಲ್ಲದಿರಲಿ, ಅದು ಇದ್ದೇ ಇರುವುದು. ಕಾಲವು ಯಾವುದರ ಹಂಗೂ ಇಲ್ಲದೆ ಸಮನಾಗಿ ಹರಿಯುವುದು. ಜರ್ಮನಿಯ ಲೈಬ್ನಿಟ್ಸನು ಇದನ್ನೊಪ್ಪಲಿಲ್ಲ. ದೇಶವೆಂಬುದು ಒಡನಿರುವ ವಸ್ತುಗಳ ಸಂಬಂಧ, ಕಾಲವೆಂಬುದು ಘಟನೆಗಳ ಪೂರ್ವಾಪರ ಕ್ರಮ; ವಸ್ತುಗಳನ್ನೆಲ್ಲ ತೆಗೆದ ಮೇಲೆ ಉಳಿಯುವ ಬರಿಯ ದೇಶವೆಂಬುದೊಂದಿಲ್ಲ ಎಂಬುದು ಆತನ ವಾದ. ನ್ಯೂಟನ್ನನ ಪಕ್ಷವನ್ನು ಹಿಡಿದ ಕ್ಲಾರ್ಕನೊಡನೆ 1715ರಲ್ಲಿ ಆರಂಭವಾದ ಪತ್ರವಾದವು 1716ರಲ್ಲಿ ಲೈಬ್ನಿಟ್ಸನ ಮರಣದೊಡನೆ ನಿಂತಿತು. ಪ್ರಶ್ನೆಯು ಮಾತ್ರ ನಿಲ್ಲಲಿಲ್ಲ.

1905ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿ ಉದ್ಯೋಗದಲ್ಲಿದ್ದ 26 ವರ್ಷದ ಐನ್‌ಸ್ಟೈನನು ಸರಳವಾದ ಪ್ರಶ್ನೆಯೊಂದನ್ನೆತ್ತಿದನು: ದೂರದೂರದ ಎರಡು ಘಟನೆಗಳು ಒಂದೇ ಕ್ಷಣದಲ್ಲಿ ನಡೆದುವೆಂದು ತಿಳಿಯುವುದು ಹೇಗೆ? ಸಮವೇಗದಿಂದ ಸಾಗುವವರೆಲ್ಲರಿಗೂ ಬೆಳಕಿನ ವೇಗ ಒಂದೇ ಆಗಿದ್ದರೆ, ನಿಂತವನಿಗೆ ಏಕಕಾಲದಲ್ಲಿ ನಡೆದುದು ಚಲಿಸುವವನಿಗೆ ಏಕಕಾಲದ್ದಾಗದು. ಎಲ್ಲರಿಗೂ ಸಮಾನವಾದ ‘ಈಗ’ ಎಂಬುದೇ ಇಲ್ಲ! ಹತ್ತು ವರ್ಷಗಳ ಬಳಿಕ, 1915ರಲ್ಲಿ, ದ್ರವ್ಯದ ಸನ್ನಿಧಿಯಲ್ಲಿ ದೇಶಕಾಲವೇ ಬಾಗುವುದೆಂದು ಆತನು ಪ್ರತಿಪಾದಿಸಿದನು. ಇದು ಬರಿಯ ಕಲ್ಪನೆಯಲ್ಲ. 1971ರಲ್ಲಿ ವಿಮಾನದಲ್ಲಿ ಭೂಮಿಯನ್ನು ಸುತ್ತಿ ಬಂದ ಪರಮಾಣು ಗಡಿಯಾರಗಳು ನೆಲದ ಗಡಿಯಾರಗಳೊಡನೆ ಹೊಂದಲಿಲ್ಲ. ದಾರಿ ತೋರುವ ಜಿ.ಪಿ.ಎಸ್. ಉಪಗ್ರಹಗಳ ಗಡಿಯಾರಗಳು ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡುಗಳಷ್ಟು ಮುಂದೋಡುವುವು. ಅದನ್ನು ಸರಿಪಡಿಸದಿದ್ದರೆ ಪಯಣಿಗನು ದಾರಿ ತಪ್ಪುವನು.

ಹಾಗೆಂದು ಲೈಬ್ನಿಟ್ಸನೇ ಗೆದ್ದನೆನ್ನಲಾಗದು. 2015ರಲ್ಲಿ ಪತ್ತೆಯಾದ ಗುರುತ್ವದ ಅಲೆಗಳು ದೇಶಕಾಲವೇ ಕಂಪಿಸಬಲ್ಲುದೆಂದು ತೋರಿದುವು. ಕಂಪಿಸುವುದನ್ನು ಬರಿಯ ಸಂಬಂಧವೆಂದು ತಳ್ಳಿಹಾಕುವುದು ಸುಲಭವಲ್ಲ. ನ್ಯೂಟನ್ನನ ಗಣಿತವೂ ವ್ಯರ್ಥವಾಗಲಿಲ್ಲ. ಸೇತುವೆಯನ್ನು ಕಟ್ಟುವವನಿಗೆ ಇಂದಿಗೂ ಅದೇ ಸಾಕು.

ಗೃಹಸ್ಥನಿಗೆ ಇದರಿಂದೇನು ಫಲ? ತನಗೆ ಕಂಡುದೇ ಜಗತ್ತಿನ ಅಳತೆಯೆಂಬ ಗರ್ವವು ಇಲ್ಲಿ ಕರಗುವುದು. ಆದರೆ ಸತ್ಯವು ಅವರವರ ಇಚ್ಛೆಗೆ ಬಿಟ್ಟುದೆಂದು ಭಾವಿಸುವುದೂ ಸಲ್ಲದು. ಒಬ್ಬನ ಅಳತೆ ಒಂದು, ಮತ್ತೊಬ್ಬನ ಅಳತೆ ಮತ್ತೊಂದು. ಅವೆರಡನ್ನೂ ಬೆಸೆಯುವ ನಿಯಮವು ಮಾತ್ರ ಒಂದೇ. ನೆರೆಯವನ ಮಾತು ತನ್ನ ಮಾತಿಗೆ ಹೊಂದದಿದ್ದಾಗ ಅವನನ್ನು ಸುಳ್ಳನೆನ್ನುವ ಮೊದಲು, ಅವನು ಎಲ್ಲಿ ನಿಂತು ನೋಡಿದನೆಂದು ವಿಚಾರಿಸುವುದೇ ವಿವೇಕ.