ಪೆನ್ಸಿಲಿನ ಸಹಿ

ಮಂಡ್ಯದ ಅಂಗಡಿಯೊಂದರಲ್ಲಿ ಸ್ಕ್ರೀನ್ ಪ್ರಿಂಟಿಂಗ್ ಮಾಡುವ ಮಳವಳ್ಳಿಯ ಯುವಕನೊಬ್ಬ ಜುಮಾ ನಮಾಝಿನ ಬಳಿಕ ನನ್ನನ್ನು ತಡೆದು ನಿಲ್ಲಿಸಿದ. ಲಗ್ನಪತ್ರಿಕೆ, ಬಟ್ಟೆ ಚೀಲಗಳಿಗೆ ಅಚ್ಚು ಹಾಕುವುದು ಅವನ ಕೆಲಸ. ಬೆಂಗಳೂರಿನ ಗಿರಾಕಿಯೊಬ್ಬರು ಅಮೆರಿಕದ ಹಳೆಯ ಪಾಪ್ ಆರ್ಟ್ ಚಿತ್ರವೊಂದನ್ನು ತಂದು, ಹಾಗೆಯೇ 20 ಹಾಳೆ ಮುದ್ರಿಸಿ, ಕೆಳಗೆ ಪೆನ್ಸಿಲಿನಲ್ಲಿ ಕಲಾವಿದನ ಸಹಿಯನ್ನೂ ಹಾಕಿಕೊಡಲು ಕೇಳಿದ್ದಾರಂತೆ.

"ಹಜ್ರತ್, ನಾನು ಮಾಡುವುದು ಮುದ್ರಣ. ಮಾರುವವರು ಅವರು. ನನಗೇನು ಗುನಾಹ್?"

ಆ್ಯಂಡಿ ವಾರ್ಹೋಲ್ ಎಂಬ ಕಲಾವಿದ 1962ರಲ್ಲಿ ಈ ವಿಧಾನ ಹಿಡಿದ. ಚೌಕಟ್ಟಿಗೆ ಬಿಗಿದ ಬಟ್ಟೆ, ಬಣ್ಣ, ಎಳೆಯಲು ರಬ್ಬರ್ ಪಟ್ಟಿ; ಮಂಡ್ಯದ ಅಂಗಡಿಯಲ್ಲಿರುವುದೂ ಇವೇ. 1967ರಲ್ಲಿ ಮರ್ಲಿನ್ ಮನ್ರೋ ಎಂಬ ನಟಿಯ 10 ಚಿತ್ರಗಳ ಕಟ್ಟನ್ನು 250 ಪ್ರತಿಗಳಲ್ಲಿ ಹೊರತಂದ. ಅದೇ ನಟಿಯನ್ನು ಕುರಿತ ಅವನ 1964ರ ಕ್ಯಾನ್ವಾಸೊಂದು 2022ರ ನ್ಯೂಯಾರ್ಕ್ ಹರಾಜಿನಲ್ಲಿ ಸುಮಾರು 19.5 ಕೋಟಿ ಡಾಲರಿಗೆ ಹೋಯಿತು! ಜೀವಿಗಳ ಚಿತ್ರದ ಬಗೆಗಿನ ಉಲಮಾಗಳ ಚರ್ಚೆಯನ್ನು ಇಲ್ಲಿ ಎತ್ತುವುದಿಲ್ಲ. ಕೂಡಿಡುವ ಪೈಪೋಟಿ ಮನುಷ್ಯನನ್ನು ಗೋರಿಯವರೆಗೂ ಮೈಮರೆಸುತ್ತದೆಂದು 'ಅತ್ತಕಾಸುರ್' ಅಧ್ಯಾಯ ಎಚ್ಚರಿಸಿದೆ. ಅದು ಸಂಗ್ರಾಹಕನ ಲೆಕ್ಕ, ಅವನೇ ಒಪ್ಪಿಸಲಿ.

ಆದರೆ ಸಂಗ್ರಾಹಕ ಹಣ ತೆರುವುದು ಬರಿಯ ಬಣ್ಣಕ್ಕಲ್ಲ. ಯಂತ್ರದಂತೆ ಎಷ್ಟು ಬೇಕಾದರೂ ತೆಗೆಯಬಹುದಾದ ಚಿತ್ರವನ್ನು, ಇಷ್ಟೇ ತೆಗೆದೆವು, ಇದು ಅವುಗಳಲ್ಲೊಂದು ಎಂಬ ಮಾತಿಗೆ. ಪೆನ್ಸಿಲಿನ ಸಹಿಯೆಂದರೆ ಆ ಮಾತು.

ಯುವಕನ ವಾದವೂ ತೆಗೆದುಹಾಕುವಂಥದ್ದಲ್ಲ. ಮದ್ಯ ತಯಾರಿಸುವವನಿಗೆ ದ್ರಾಕ್ಷಿರಸ ಮಾರಬಹುದೇ ಎಂಬ ಪ್ರಶ್ನೆಗೆ ಇಮಾಮ್ ಅಬೂ ಹನೀಫಾ ಸಮ್ಮತಿಸಿದ್ದರು. ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಅದನ್ನು ಮಕ್ರೂಹ್ ಎಂದರು. ಮಾರುವಾಗ ರಸ ರಸವೇ, ಕೆಡುಕು ಅದು ಬದಲಾದ ಮೇಲೆ ಎಂಬುದು ಇಮಾಮರ ಕಡೆಯ ಸಮರ್ಥನೆ. ಬರಿಯ ಹಾಳೆಗೆ ಈ ಮಾತು ಅನ್ವಯಿಸೀತು. ಸಹಿಗೆ? ಅದು ಮುಂದೆಂದೋ ಸುಳ್ಳಾಗುವುದಲ್ಲ, ಬರೆದ ಕ್ಷಣದಲ್ಲೇ ಸುಳ್ಳು. ಬರೆದ ಕೈ ಇವನದೇ.

ಮದೀನಾದ ಪೇಟೆಯಲ್ಲಿ ಪ್ರವಾದಿವರ್ಯರು(ಸ) ಧಾನ್ಯದ ರಾಶಿಯೊಳಗೆ ಕೈಹಾಕಿದಾಗ ಬೆರಳಿಗೆ ತೇವ ತಗಲಿದ ಪ್ರಸಂಗ ಸಹೀಹ್ ಮುಸ್ಲಿಮ್‌ನಲ್ಲಿದೆ. ಮಳೆ ನೆನೆಸಿತೆಂದ ವ್ಯಾಪಾರಿಯನ್ನು ಅವರು ಕೇಳಿದ್ದು, ತೇವದ ಭಾಗವನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲವೆಂದು. ಒದ್ದೆ ಧಾನ್ಯವನ್ನು ಮಾರಲೇಬಾರದೆಂದು ಹೇಳಲಿಲ್ಲ. ಮದ್ದೂರಿನಾಚೆ ಕರಿದರೂ ಮದ್ದೂರು ವಡೆ ಎನ್ನುತ್ತೇವೆ, ಯಾರೂ ಮೋಸಹೋಗುವುದಿಲ್ಲ. ಸಕ್ಕರೆ ಬೆರೆಸಿದ್ದನ್ನು ಶುದ್ಧ ಬೆಲ್ಲವೆಂದು ಮಾರಿದರೆ ಹೋಗುತ್ತೇವೆ. ಆಲೆಮನೆಗಳ ನಾಡಿನ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಹಿ ಹಾಕಬೇಡ, ಪ್ರತಿ ಹಾಳೆಯ ಹಿಂದೆ 'ನಕಲು' ಎಂದು ಅಚ್ಚು ಹಾಕು, ಚಿತ್ರದ ಹಕ್ಕುದಾರರ ಅನುಮತಿ ಇದೆಯೇ ಎಂದೂ ಕೇಳು ಎಂದೆ. ಅವನು ತಲೆ ತಗ್ಗಿಸಿದ. ಮುಂಗಡ ಪಡೆದವರು ಮಾಲೀಕರು. ಒಪ್ಪದಿದ್ದರೆ ಕೆಲಸ ಹೋಗಬಹುದು. ರಮಝಾನ್ ಕಳೆದೊಡನೆ ತಂಗಿಯ ನಿಕಾಹ್.

ಮಿಂಬರಿನ ಬಳಿ ನಿಂತು ಹೇಳುವುದು ನನಗೆ ಸುಲಭವಿತ್ತು. ಅಸರ್ ಆದ ಮೇಲೆ ಅವನೊಡನೆ ಅಂಗಡಿಗೆ ಹೋದೆ.