ಇಪ್ಪತ್ತು ಅಡಿ ಆಚೆ ಯಾರಿದ್ದಾರೆ?

2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಂತಿದ್ದ ಕ್ಯಾರವಾನ್ ಒಳಗೆ ಇಬ್ಬರು ಸತ್ತಿದ್ದರು. ಹೊಡೆದಾಟ ಆಗಿರಲಿಲ್ಲ, ಬೆಂಕಿಯೂ ಬಿದ್ದಿರಲಿಲ್ಲ. ಏಸಿಗೆ ಅಂತ ಜನರೇಟರ್ ಹಾಕಿಕೊಂಡಿದ್ದರು, ಅಷ್ಟೆ. ಆಮೇಲೆ ಕೋಯಿಕ್ಕೋಡ್‌ನ ಎನ್‌ಐಟಿ ತಂಡ ಪರೀಕ್ಷೆ ಮಾಡಿದಾಗ ಗೊತ್ತಾಯ್ತು, ಗಾಡಿಯ ನೆಲದಲ್ಲಿದ್ದ ತೂತಿನಿಂದ ಹೊಗೆ ಒಳಗೆ ನುಗ್ಗುತ್ತಿತ್ತು. ಎರಡು ಗಂಟೆಯಲ್ಲಿ ಒಳಗಿನ ಕಾರ್ಬನ್ ಮಾನಾಕ್ಸೈಡ್ 957 ಪಿಪಿಎಂ. ಅಮೆರಿಕದಲ್ಲಿ ಎಂಟು ಗಂಟೆ ಕೆಲಸ ಮಾಡುವ ಜಾಗಕ್ಕೆ ಕಾನೂನು ಹಾಕಿರುವ ಮಿತಿ 50.

ಈಗ ನಮ್ಮಲ್ಲೂ ಲಾಂಗ್ ವೀಕೆಂಡ್ ಬಂದರೆ ಕ್ಯಾಂಪರ್ ವ್ಯಾನ್ ಬಾಡಿಗೆಗೆ ತಗೊಂಡು ಹೊರಡುವವರಿದ್ದಾರೆ. ಅಮೆರಿಕಕ್ಕೆ ಹೋದ ಗೆಳೆಯರಂತೂ ಬೇಸಿಗೆ ಬಂದರೆ ಟ್ರೇಲರ್ ಫೋಟೋ ಹಾಕ್ತಾರೆ. ಹಾಗಾಗಿ ರಾತ್ರಿಯೆಲ್ಲ ಜನರೇಟರ್ ಓಡಿಸಿ ಮಲಗಬಹುದಾ ಅನ್ನೋದು ನಮ್ಮದೂ ಪ್ರಶ್ನೆ. ಇದು ಬರೀ ಸೇಫ್ಟಿಯ ಪ್ರಶ್ನೆ ಅಂತ ಮೊದಲು ಅನ್ನಿಸುತ್ತೆ. ಸ್ವಲ್ಪ ಕೆದಕಿದರೆ ಅದರ ಕೆಳಗೆ ಇನ್ನೊಂದು ಪ್ರಶ್ನೆ ಸಿಗುತ್ತೆ: ನಾನು ನಿದ್ದೆಯಲ್ಲಿರುವಾಗ ನಾನು ಚಾಲೂ ಮಾಡಿಟ್ಟದ್ದಕ್ಕೆ ಜವಾಬ್ದಾರಿ ಯಾರದ್ದು?

ಮೊದಲು ಆ ಗ್ಯಾಸ್ ಬಗ್ಗೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿರುವ ಹಿಮೋಗ್ಲೋಬಿನ್ ಆಕ್ಸಿಜನ್‌ಗಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತೆ. ಎಚ್ಚರ ಇದ್ದವನಿಗೆ ತಲೆನೋವು, ವಾಕರಿಕೆ, ತಲೆಸುತ್ತು ಬಂದು ಏನೋ ಸರಿಯಿಲ್ಲ ಅಂತ ಗೊತ್ತಾಗಬಹುದು. ಮಲಗಿದವನಿಗೆ, ಕುಡಿದು ಮಲಗಿದವನಿಗೆ ಆ ಸೂಚನೆಯೂ ಸಿಗದೆ ಪ್ರಾಣ ಹೋಗಬಹುದು. ಅಂದರೆ ಅಪಾಯ ಹಗಲಿನದೇ, ಅದನ್ನು ತಿಳಿಯಬೇಕಾದ ಬುದ್ಧಿ ಮಾತ್ರ ರಜೆಯ ಮೇಲಿರುತ್ತೆ.

ಅದಕ್ಕೇ ಅಮೆರಿಕದ ಸಿಡಿಸಿ ಹೇಳುವ ನಿಯಮ: ಜನರೇಟರ್ ಕಿಟಕಿ, ಬಾಗಿಲು, ಗಾಳಿ ಬರುವ ಕಿಂಡಿಗಳಿಂದ ಕನಿಷ್ಠ 20 ಅಡಿ ದೂರ ಇರಲಿ. ಹೊಗೆಯ ಬಾಯಿ ಮನುಷ್ಯರ ಕಡೆ ತಿರುಗಿರಬಾರದು. ಗಾಡಿಯೊಳಗೆ ಬ್ಯಾಟರಿಯ ಸಿಓ ಅಲಾರ್ಮ್ ಇರಲಿ. ಎಲ್ಲ ಒಳ್ಳೆಯ ಮಾತು. ಆದರೆ ಆ 20 ಅಡಿಯನ್ನು ಒಂದು ಸಲ ಕ್ಯಾಂಪ್‌ಗ್ರೌಂಡ್‌ನಲ್ಲಿ ಇಟ್ಟು ನೋಡಿ. ಗಾಡಿ ಪಕ್ಕ ಗಾಡಿ, ಟೆಂಟ್ ಪಕ್ಕ ಟೆಂಟ್. ನನ್ನ ಕಿಟಕಿಯಿಂದ 20 ಅಡಿ ದೂರ ತಳ್ಳಿದ ಜನರೇಟರ್ ಯಾರ ಕಿಟಕಿಗೆ ಹತ್ತಿರವಾಯ್ತು? ಸಂಜೆ ಆ ಕಡೆ ಬೀಸುತ್ತಿದ್ದ ಗಾಳಿ ಮೂರು ಗಂಟೆ ರಾತ್ರಿಯಲ್ಲಿ ಎತ್ತ ಬೀಸುತ್ತೆ? ನನ್ನ ಸುರಕ್ಷತೆಯನ್ನು ನಾನು ಟೇಪ್ ಹಿಡಿದು ಅಳೆದೆ. ಆಚೆ ಕಡೆಯಿಂದ ಅಳೆದವರು ಯಾರು? ಅಲ್ಲಿ ಮಲಗಿರುವ ಮಗುವನ್ನು ನಾನು ಕೇಳಿಲ್ಲ, ಕೇಳಿದ್ದರೂ ನಿದ್ದೆಯಲ್ಲಿರುವವರು ಒಪ್ಪಿಗೆ ಕೊಡೋಕಾಗಲ್ಲ.

ನಮ್ಮೂರಲ್ಲಿ ಜಾತ್ರೆಗೆ ರಾತ್ರಿಯೆಲ್ಲ ನಾಟಕ ಇರ್ತಿತ್ತು. ಲೈಟು, ಮೈಕು ಎಲ್ಲ ಡೀಸೆಲ್ ಜನರೇಟರ್ ಮೇಲೆ. ಅದರ ಪಕ್ಕ ಒಬ್ಬ ಕಂಬಳಿ ಹೊದ್ದು ಬೆಳಗಿನವರೆಗೂ ಕೂತಿರ್ತಿದ್ದ. ನಾಟಕ ನೋಡ್ತಿದ್ದ ನಾವು ತೂಕಡಿಸಿದರೂ ಅವನು ತೂಕಡಿಸುವ ಹಾಗಿರಲಿಲ್ಲ. ಕಣದಲ್ಲಿ ರಾಗಿ ರಾಶಿ ಕಾಯುವಾಗಲೂ ಅಷ್ಟೇ, ಒಬ್ಬ ಮಲಗಿದರೆ ಒಬ್ಬ ಎದ್ದಿರಬೇಕು. ಇದನ್ನು ಯಾರೂ ನೀತಿ ಅಂತ ಕರೀತಿರಲಿಲ್ಲ, ಕೆಲಸ ಅಂತಿದ್ದರು. ರಾತ್ರಿ ನಡೆಯುವ ಯಾವುದಕ್ಕೂ ಎಚ್ಚರವಿರುವ ಒಬ್ಬ ಮನುಷ್ಯ ಇರ್ತಿದ್ದ.

ನಮ್ಮ ಆಫೀಸುಗಳಲ್ಲೂ ಆ ಮನುಷ್ಯ ಇದ್ದಾನೆ. ಅವನ ಹೆಸರು ಆನ್-ಕಾಲ್. ಸರ್ವರ್ ರಾತ್ರಿಯಿಡೀ ಓಡುತ್ತೆ ಅಂದರೆ ಯಾರದ್ದೋ ತಲೆದಿಂಬಿನ ಪಕ್ಕ ಫೋನ್ ಇದೆ ಅಂತ ಅರ್ಥ. ಮಾನಿಟರಿಂಗ್ ಇಲ್ಲದೆ ಪ್ರೊಡಕ್ಷನ್‌ಗೆ ಹಾಕಿ ಮನೆಗೆ ಹೋಗುವವನನ್ನು ನಾವು ಬೈತೀವಿ. ಅದೇ ನಾವು ರಜೆಗೆ ಹೋದಾಗ ಪೆಟ್ರೋಲ್ ಎಂಜಿನ್ ಒಂದನ್ನು ಕಾವಲಿಲ್ಲದೆ ಬಿಟ್ಟು ಮಲಗೋದು ಸಹಜ ಅನ್ನಿಸುತ್ತೆ. ಯಾಕೆ? ಅಲ್ಲಿ ಬೀಳೋದು ಕಂಪನಿಯ ಸರ್ವರ್, ಇಲ್ಲಿ ಬೀಳೋದು ಉಸಿರು.

ಇದಕ್ಕೆ ಒಂದು ಗಟ್ಟಿ ಎದುರು ಮಾತಿದೆ. ಈಗ ಬರುವ ಕೆಲವು ಜನರೇಟರ್‌ಗಳಲ್ಲಿ ಸಿಓ ಹೆಚ್ಚಾದರೆ ತಾನೇ ಆಫ್ ಆಗುವ ಸೆನ್ಸರ್ ಇದೆ. ಒಳಗೆ ಅಲಾರ್ಮ್ ಇದೆ. ಅವೇ ನಮ್ಮ ಕಾವಲುಗಾರರಲ್ವಾ? ಹೌದು, ಇರಲೇಬೇಕು. ಆದರೆ ನೋಡಿ, ಆ ಸೆನ್ಸರ್ ಕೂತಿರೋದು ಮೆಷಿನ್ ಮೇಲೆ. ಗಾಳಿಯಲ್ಲಿ ತೇಲಿಹೋದ ಹೊಗೆ ಬೇರೆಲ್ಲೋ ಟೆಂಟಿನೊಳಗೆ ತುಂಬಿಕೊಂಡರೆ ಅದಕ್ಕೆ ಗೊತ್ತಾಗಬೇಕೆಂದಿಲ್ಲ. ನನ್ನ ಅಲಾರ್ಮ್ ನನ್ನನ್ನು ಎಬ್ಬಿಸುತ್ತೆ. ಪಕ್ಕದ ಟೆಂಟಿನಲ್ಲಿ ಅಲಾರ್ಮ್ ಇದೆಯಾ ಅಂತ ನಾನು ವಿಚಾರಿಸಿದೆನಾ?

ಇನ್ನೊಂದು ಎದುರು ಮಾತು ಇನ್ನೂ ಗಟ್ಟಿ. ಅಪ್ಪನಿಗೆ ಸ್ಲೀಪ್ ಆಪ್ನಿಯಾ ಇದೆ, ಸಿಪ್ಯಾಪ್ ಮೆಷಿನ್ ಇಲ್ಲದೆ ಮಲಗೋಕಾಗಲ್ಲ, ಕರೆಂಟ್ ಬೇಕೇ ಬೇಕು. ಇದು ಷೋಕಿ ಅಲ್ಲ, ಅಗತ್ಯ. ಇಲ್ಲಿ ಲೆಕ್ಕ ಹಾಕೋಣ. ಹ್ಯುಮಿಡಿಫೈಯರ್ ಬಿಸಿ ಆಫ್ ಇಟ್ಟರೆ ಸಿಪ್ಯಾಪ್‌ಗೆ ಬೇಕಾಗೋದು ಕೆಲವು ಹತ್ತು ವ್ಯಾಟ್. ಒಂದು ಕಿಲೋವ್ಯಾಟ್-ಅವರ್‌ನ ಬ್ಯಾಟರಿ ಪೆಟ್ಟಿಗೆ ಒಂದು ರಾತ್ರಿ ಆರಾಮಾಗಿ ನಡೆಸುತ್ತೆ. ಸದ್ದಿಲ್ಲ, ಹೊಗೆಯಿಲ್ಲ. ಅದೇ ಬ್ಯಾಟರಿಯನ್ನು ಗಾಡಿಯ ಏಸಿ ಒಂದು ಗಂಟೆಯ ಆಸುಪಾಸಿನಲ್ಲಿ ಮುಗಿಸಿಬಿಡುತ್ತೆ. ಈ ಲೆಕ್ಕ ನನಗೆ ಒಂದು ವಿಷಯ ಕಲಿಸಿತು: ಅಗತ್ಯ ಅನ್ನೋದು ಎಷ್ಟೋ ಸಲ ಚಿಕ್ಕದಾಗಿರುತ್ತೆ. ಎಂಜಿನ್ ಕೇಳೋದು ಆರಾಮ. ನಾವು ಮಾತ್ರ ಆರಾಮವನ್ನೂ ಅಗತ್ಯದ ಖಾತೆಗೇ ಬರೀತೀವಿ.

ಕ್ಯಾಲಿಫೋರ್ನಿಯಾದ ಯೋಸೆಮಿಟಿ ನ್ಯಾಷನಲ್ ಪಾರ್ಕ್‌ನ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡೋ ಹಾಗಿಲ್ಲ. ಜನರೇಟರ್‌ಗೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎರಡೆರಡು ಗಂಟೆ ಅಷ್ಟೇ. ಎಲ್ಲರೂ ಎಚ್ಚರ ಇರುವ ಹೊತ್ತು ಅದು. ಆಗ ಬ್ಯಾಟರಿ ತುಂಬಿಸಿಕೊಳ್ಳಿ, ರಾತ್ರಿ ಅದರಲ್ಲೇ ಕಳೆಯಿರಿ. ಕಿರಿಕಿರಿ ನಿಯಮ ಅಂತ ಗೊಣಗುವವರಿದ್ದಾರೆ. ನನಗೆ ಅದು ಕಣದ ಪಾಳಿಯ ಹಾಗೇ ಕಾಣುತ್ತೆ.

ಆದರೆ ನಿಯಮ, ಗಾರ್ಡು ಇಲ್ಲದ ಜಾಗಗಳೇ ಹೆಚ್ಚು: ಹಿನ್ನೀರಿನ ದಂಡೆ, ಯಾರದ್ದೋ ಕಾಫಿ ತೋಟ, ಹೆದ್ದಾರಿ ಪಕ್ಕ. ಅಲ್ಲಿ ತೀರ್ಮಾನ ನಮ್ಮದೇ. ನನ್ನ ತೀರ್ಮಾನ ಇಷ್ಟು: ಎಂಜಿನ್ ಪಕ್ಕ ಎದ್ದಿರೋಕೆ ಯಾರೂ ತಯಾರಿಲ್ಲ ಅಂದರೆ, ಮಲಗೋ ಮುಂಚೆ ಎಂಜಿನ್ ಆಫ್. ಸೆಕೆಗೆ ಕಿಟಕಿ ತೆರೀರಿ, ಚಳಿಗೆ ಇನ್ನೊಂದು ರಗ್ಗು ಒಯ್ಯಿರಿ. ಸ್ವಲ್ಪ ಬೆವರಿಳಿದರೆ ಬೆಳಿಗ್ಗೆ ಗೊಣಗಬಹುದು. ಗೊಣಗೋಕೆ ಬೆಳಿಗ್ಗೆ ಎಲ್ಲರೂ ಎದ್ದಿರಬೇಕು, ಪಕ್ಕದ ಟೆಂಟಿನವರೂ ಸೇರಿ.